ಕೇಳಿಸ್ತೈತೆ, ತಿಳಿಯಲ್ಲ

ಗ್ಲಾಸ್ಗೋ ನಗರದ ಕಿವಿ ವೈದ್ಯ ಥಾಮಸ್ ಬಾರ್ 1886ರಲ್ಲಿ ನೂರು ಮಂದಿ ಬಾಯ್ಲರ್ ಕೆಲಸಗಾರರ ಕಿವಿ ಪರೀಕ್ಷೆ ಮಾಡಿದ. ಅವನ ಸಲಕರಣೆ ಒಂದು ಜೇಬುಗಡಿಯಾರ. ಅದರ ಟಿಕ್ ಟಿಕ್ ಎಷ್ಟು ದೂರದಿಂದ ಕೇಳುತ್ತದೆ ಎಂದು ಅಳೆಯುವುದು. ಒಬ್ಬನ ಕಿವಿಯೂ ಸರಿಯಿರಲಿಲ್ಲ. ಕ್ಲೈಡ್ ನದಿಯ ದಡದಲ್ಲಿ ಹಡಗು ಕಟ್ಟುವ ಭರಾಟೆಯ ಕಾಲ ಅದು. ಬಾಯ್ಲರಿನ ಒಳಗೆ ಒಬ್ಬ ಕೂತು ರಿವೆಟ್ಟಿಗೆ ಆನಿಕೆ ಕೊಡಬೇಕು, ಹೊರಗಿನವರು ಸುತ್ತಿಗೆಯಲ್ಲಿ ಬಡಿಯಬೇಕು. ಒಳಗಿದ್ದವನ ಪಾಡು ಊಹಿಸಿಕೊಳ್ಳಿ.

ಗದ್ದಲ ಕಿವಿ ಕೆಡಿಸುತ್ತದೆ ಎಂಬುದು ಆಗಲೂ ಹಳೆಯ ಸಂಗತಿಯೇ. ವೆನಿಸ್ಸಿನ ತಾಮ್ರದ ಕೆಲಸದವರು ದಿನವಿಡೀ ಬಡಿದು ಬಡಿದು ಕಿವುಡಾಗುತ್ತಾರೆಂದು ಇಟಲಿಯ ವೈದ್ಯ ರಮಝೀನಿ 1713ರಲ್ಲೇ ಬರೆದಿದ್ದ. ಆದರೆ ಬಾರ್ ಇನ್ನೊಂದು ಮಾತು ವಿಚಾರಿಸಿದ: ಸಭೆಯಲ್ಲಿ ಕೂತಾಗ ಭಾಷಣ ಕೇಳಿಸಿಕೊಳ್ಳಲು ಆಗುತ್ತದೆಯೇ? ಸುಮಾರು ಮುಕ್ಕಾಲು ಪಾಲು ಜನ ಕಷ್ಟ ಎಂದರು. ಹೋಲಿಕೆಗೆಂದು ನೂರು ಮಂದಿ ಅಂಚೆಯವರನ್ನೂ ಕೇಳಿದ್ದ. ಅವರಲ್ಲಿ ಹಾಗೆಂದವರು ತೀರಾ ಕಡಿಮೆ. ನನ್ನ ಲೆಕ್ಕದಲ್ಲಿ ಗಡಿಯಾರಕ್ಕಿಂತ ಈ ಪ್ರಶ್ನೆಯೇ ದೊಡ್ಡದು. ಮುಂದೆ ಕಿವಿ ಪರೀಕ್ಷಿಸುವ ನಮ್ಮ ವೃತ್ತಿ ಅದನ್ನು ಬದಿಗೆ ಸರಿಸಿತು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದಿ, ಕಿವಿ ಪರೀಕ್ಷೆಯನ್ನೇ ಹೊಟ್ಟೆಪಾಡು ಮಾಡಿಕೊಂಡವಳು ನಾನು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಅಲ್ಲಿಯೇ. ನಮ್ಮ ಕೈಗೆ ಬಂದ ಕಿವಿ ಅಳೆಯುವ ಯಂತ್ರ, ಆಡಿಯೋಮೀಟರ್, ಅಮೆರಿಕದ ಟೆಲಿಫೋನ್ ಮನೆತನದ ಕೂಸು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಮೊದಲ ಯಂತ್ರ ಬಂದದ್ದು 1922ರಲ್ಲಿ. ನ್ಯೂಯಾರ್ಕಿನ ಕಿವಿ ವೈದ್ಯ ಎಡ್ಮಂಡ್ ಫೌಲರ್ ಅದರ ಹಿಂದಿದ್ದವರಲ್ಲಿ ಒಬ್ಬ. ಇವತ್ತಿಗೂ ಕ್ರಮ ಅದೇ. ಸದ್ದಿಲ್ಲದ ಕೋಣೆ, ತಲೆಗೆ ಹೆಡ್‌ಫೋನು, 250ರಿಂದ 8000 ಹರ್ಟ್ಜ್‌ವರೆಗೆ ಒಂದೊಂದೇ ಸ್ವರ. ಕೇಳಿದರೆ ಬೆರಳೆತ್ತಬೇಕು. ಆಡಿಯೋಗ್ರಾಮ್ ಎಂಬ ನಕ್ಷೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು. ಎಲ್ಲ ಗುರುತೂ 25 ಡೆಸಿಬಲ್ ಒಳಗಿದ್ದರೆ ‘ನಾರ್ಮಲ್’ ಎಂದು ಬರೆದು ಸಹಿ ಹಾಕುವುದು. ಅತಿ ಮೆಲ್ಲನೆಯ ಸದ್ದು ಮೌನದಲ್ಲಿ ಕೇಳುತ್ತದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಮೌನದಲ್ಲಿ ಬದುಕುವವರು ಯಾರಿದ್ದಾರೆ?

ನಮ್ಮಪ್ಪ ದಾವಣಗೆರೆಯ ಮಿಲ್ಲೊಂದರಲ್ಲಿ ಟೈಮ್ ಕೀಪರ್. ಮಗ್ಗದ ಮುಂದೆ ನಿಲ್ಲುವ ಕೆಲಸವಲ್ಲ, ಆದರೆ ಹಾಜರಿಗೆಂದು ಪ್ರತಿ ಪಾಳಿಯಲ್ಲೂ ಆ ಶೆಡ್ಡಿಗೆ ಹೋಗಲೇಬೇಕು. ಲಾಳಿಗಳ ಹೊಡೆತದಲ್ಲಿ ಅಲ್ಲಿ ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಕೈಸನ್ನೆ, ತುಟಿಯ ಓದು. ಮಗ್ಗದವರ ಆಡಿಯೋಗ್ರಾಮಿನಲ್ಲಿ 4000 ಹರ್ಟ್ಜ್ ಬಳಿ ಗುಂಡಿ ಬಿದ್ದಿರುತ್ತಿತ್ತು, ಅವರ ಕಾಯಿಲೆಗೆ ಸಾಕ್ಷಿಯಿತ್ತು. ಅಪ್ಪನ ಚೀಟಿಯಲ್ಲಿ ಏನೂ ಇಲ್ಲ. ಮದುವೆ ಛತ್ರದ ಊಟದ ಪಂಕ್ತಿಯಲ್ಲಿ ಮಾತ್ರ ಪಕ್ಕದವರು ಏನು ಹೇಳಿದರೂ ಸುಮ್ಮನೆ ನಗುತ್ತಿದ್ದರು. “ಕೇಳಿಸ್ತೈತವ್ವ, ಏನಂತ ತಿಳಿಯಲ್ಲ” ಎನ್ನುವರು. ಮನೆಯವರ ತೀರ್ಪು: ಬೇಕಾದ್ದು ಕೇಳಿಸುತ್ತದೆ, ಬೇಡದ್ದು ಕೇಳಿಸಲ್ಲ. ತೋರಿಸಿದ ಆಸ್ಪತ್ರೆಯವರೂ ‘ನಾರ್ಮಲ್’ ಎಂದೇ ಬರೆದು ಕಳಿಸಿದರು.

ಈ ಪರೀಕ್ಷೆಗೆ ಸಿಗದ ಕಿವುಡೂ ಇದೆ ಎಂಬ ಸುಳಿವು ಇರಲಿಲ್ಲವೆಂದಲ್ಲ. 1955ರಲ್ಲೇ ಸಂಶೋಧಕ ಹೆರಾಲ್ಡ್ ಶುಕ್ನೆಕ್ಟ್ ಮತ್ತು ಸಂಗಡಿಗರು ಬೆಕ್ಕುಗಳ ಶ್ರವಣ ನರದ ಎಳೆಗಳನ್ನು ಬಹುಪಾಲು ಕಡಿದರೂ ಸ್ವರ ಕೇಳುವ ಮಟ್ಟ ಕೆಡುವುದಿಲ್ಲವೆಂದು ತೋರಿಸಿದ್ದರು. ಅಂದರೆ ಬೆರಳೆತ್ತುವ ಪರೀಕ್ಷೆ ಪಾಸಾಗಲು ಚೂರು ನರ ಸಾಕು. ಇಷ್ಟು ಗೊತ್ತಿದ್ದೂ ಪರೀಕ್ಷೆ ಅರ್ಧ ಶತಮಾನ ಅಲುಗಾಡಲಿಲ್ಲ.

2009ರಲ್ಲಿ ಬಾಸ್ಟನ್ನಿನ ಶಾರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ ಎರಡು ಗಂಟೆ 100 ಡೆಸಿಬಲ್ ಗದ್ದಲ ಕೇಳಿಸಿದರು. ಕೆಲವೇ ವಾರಗಳಲ್ಲಿ ಅವುಗಳ ಶ್ರವಣ ಮಟ್ಟ ಮೊದಲಿನಂತಾಯಿತು. ಕಿವಿಯೊಳಗೆ ಸದ್ದು ಹಿಡಿಯುವ ರೋಮಕೋಶಗಳೂ ಕ್ಷೇಮ. ಆದರೆ ಆ ಕೋಶಗಳನ್ನು ನರಗಳಿಗೆ ಕೂಡಿಸುವ ಸಂಧಿಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ, ಹೆಚ್ಚಿನ ಪೆಟ್ಟು ಬಿದ್ದ ಭಾಗದಲ್ಲಿ ಹತ್ತಿರ ಹತ್ತಿರ ಅರ್ಧ ಹೋಗಿದ್ದವು. ಮುಂದೆ ನರಕೋಶಗಳೂ ನಿಧಾನವಾಗಿ ಸತ್ತವು. ಮೆಲುದನಿಗೆ ಸ್ಪಂದಿಸುವ ಎಳೆಗಳು ಉಳಿದು, ಜೋರು ಸದ್ದಿನ ನಡುವೆ ಕೆಲಸ ಮಾಡುವ ಎಳೆಗಳು ಮೊದಲು ಹೋಗುತ್ತವೆ ಎಂಬ ವಾದ ಅದರಿಂದ ಬೆಳೆಯಿತು. ಲಂಡನ್ನಿನ ಶೆಟ್ಟೆ ಮತ್ತು ಮೆಕಾಲ್ಪೈನ್ 2011ರಲ್ಲಿ ಇಂಥ ಕಾಣದ ನಷ್ಟವನ್ನು ‘ಅಡಗಿದ ಶ್ರವಣ ನಷ್ಟ’ ಎಂದು ಕರೆದರು. ಆಡಿಯೋಗ್ರಾಮ್ ನಾರ್ಮಲ್ ಇದ್ದೂ ಕಿವಿ ಗುಯ್‌ಗುಡುವವರನ್ನು ಅವರು ಪರೀಕ್ಷಿಸಿದ್ದರು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಿಜವೆಂಬ ಜಗಳ ಮುಗಿದಿಲ್ಲ. ಬದುಕಿರುವವರ ಕಿವಿ ತೆರೆದು ಸಂಧಿ ಎಣಿಸುವಂತಿಲ್ಲವಲ್ಲ.

ಕಾರ್ಮಿಕ ಕಾನೂನಿನ ಕಾಯಿಲೆಗಳ ಪಟ್ಟಿಯಲ್ಲಿ ಗದ್ದಲದಿಂದ ಬರುವ ಕಿವುಡು ಸೇರಿದೆ. ಆದರೆ ಅದನ್ನು ಸಾಬೀತು ಮಾಡುವಾಗ ನೋಡುವುದು ಆಡಿಯೋಗ್ರಾಮನ್ನೇ. ಅಪ್ಪನಂಥವರಿಗೆ ಅಲ್ಲಿ ಜಾಗವಿಲ್ಲ. ಈಗ ನನ್ನಲ್ಲಿಗೆ ಬರುವ ಡಿಜೆ ಹುಡುಗರಿಗೂ ಇಲ್ಲ.

ಗದ್ದಲದ ನಡುವೆ ವಾಕ್ಯ ಕೇಳಿಸಿ ತಿರುಗಿ ಹೇಳಿಸುವ ಪರೀಕ್ಷೆ ಇದೆ. ಕನ್ನಡದಲ್ಲಿ ಅದಕ್ಕೆ ಬೇಕಾದ ವಾಕ್ಯಗಳನ್ನು ಮೈಸೂರಿನಲ್ಲೇ ಸಿದ್ಧಪಡಿಸಿದ್ದಾರೆ. ನಿಮ್ಮ ಚೀಟಿಯಲ್ಲಿ ‘ನಾರ್ಮಲ್’ ಎಂದಿದ್ದೂ ಜನರ ನಡುವೆ ಮಾತು ತಿಳಿಯದಿದ್ದರೆ, ಆ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಹೆಚ್ಚಿನ ಕಡೆ ಮಾಡುವುದಿಲ್ಲ.