ಬೆಕ್ಕಿನ ಮರಿಯ ಅಗಲಿಕೆಯ ವಯಸ್ಸು: ಬ್ರಿಟನ್ನಿನ ಕಾಯಿದೆಗಳ ಸಾಕ್ಷ್ಯ

ತಾಯಿಬೆಕ್ಕು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ರೀತಿಯನ್ನು ಶ್ರೀವೈಷ್ಣವರ ತೆಂಗಲೆ ಸಂಪ್ರದಾಯವು ಶರಣಾಗತಿಗೆ ಉಪಮಾನವಾಗಿ ಸ್ವೀಕರಿಸಿತು. ಮಾರ್ಜಾಲಕಿಶೋರನ್ಯಾಯವೆಂಬ ಈ ಮಾತು ನಮ್ಮ ಓದುಗರಿಗೆ ಪರಿಚಿತವೇ ಆಗಿದೆ. ಮರಿಯ ಪರಾಧೀನತೆಯನ್ನು ಅದು ಹೇಳುತ್ತದೆ. ಆ ಪರಾಧೀನತೆ ಎಂದಿಗೆ ಮುಗಿಯುತ್ತದೆಂಬುದು ಬೇರೊಂದು ಪ್ರಶ್ನೆ. ಮರಿಯನ್ನು ತಾಯಿಯಿಂದ ಅಗಲಿಸಲು ಯೋಗ್ಯವಾದ ವಯಸ್ಸು ಯಾವುದು? ವಿಷಯವು ಅಲ್ಪವೆಂದು ತೋರಬಹುದು. ಆದರೆ ಮರಿಯ ವಯಸ್ಸು ಬ್ರಿಟನ್ನಿನ ಹಳೆಯ ಮತ್ತು ಹೊಸ ಕಾಯಿದೆಗಳೆರಡರಲ್ಲಿಯೂ ಕಾಣಿಸಿಕೊಂಡಿದೆ. ಅವು ಅದನ್ನು ಯಾವ ಮಾನದಿಂದ ಅಳೆದವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ವೇಲ್ಸಿನ ಮಧ್ಯಯುಗದ ಕಾಯಿದೆಗಳು 10ನೆಯ ಶತಮಾನದ ಅರಸ ಹವೆಲ್ ದಾ ಎಂಬವನ ಹೆಸರಿನಲ್ಲಿ ಪ್ರಸಿದ್ಧವಾಗಿವೆ. ಉಳಿದುಬಂದಿರುವ ಹಸ್ತಪ್ರತಿಗಳು 13ನೆಯ ಶತಮಾನ ಮತ್ತು ಅನಂತರದವು. ಅವುಗಳ ಪ್ರಕಾರ, ಹುಟ್ಟಿದಂದಿನಿಂದ ಕಣ್ಣು ತೆರೆಯುವವರೆಗೆ ಮರಿಯ ಬೆಲೆ 1 ಪೆನ್ನಿ; ಅಲ್ಲಿಂದ ಇಲಿಯನ್ನು ಕೊಲ್ಲುವವರೆಗೆ 2; ಇಲಿಯನ್ನು ಕೊಂದ ಮೇಲೆ 4. ದಿನ, ವಾರಗಳ ಲೆಕ್ಕ ಇಲ್ಲಿಲ್ಲ. ಮರಿ ಏನನ್ನು ಕಲಿತಿದೆ ಎಂಬುದೇ ಅದರ ವಯಸ್ಸು. ಅಗಲಿಕೆಯನ್ನು ಈ ಕಾಯಿದೆ ನಿಷೇಧಿಸುವುದಿಲ್ಲ. ಆದರೂ ಮರಿಯನ್ನು ಬೇಟೆ ಕಲಿಯುವವರೆಗೆ ಉಳಿಸಿಕೊಂಡವನಿಗೆ ಇಮ್ಮಡಿ ಬೆಲೆ ದೊರೆಯುತ್ತಿದ್ದುದರಿಂದ, ಅವಸರದ ಮಾರಾಟದಲ್ಲಿ ಲಾಭವಿರಲಿಲ್ಲವೆಂದು ಊಹಿಸಬಹುದು.

ಬೇಟೆಯ ಕಲಿಕೆಯಲ್ಲಿ ತಾಯಿಯ ಪಾತ್ರವೆಷ್ಟೆಂಬುದನ್ನು ಚೀನೀ ವಿದ್ವಾಂಸ ಕುವೊ 1930ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು. ಇಲಿ ಕೊಲ್ಲುವ ತಾಯಿಯೊಡನೆ ಬೆಳೆದ 21 ಮರಿಗಳಲ್ಲಿ 18 ಇಲಿ ಕೊಂದವು; ಒಂಟಿಯಾಗಿ ಬೆಳೆದ 20ರಲ್ಲಿ 9 ಮಾತ್ರ. ವೇಲ್ಸಿನ ರೈತನು ಹೆಚ್ಚಿನ ಬೆಲೆ ತೆತ್ತದ್ದು ಬಹುಮಟ್ಟಿಗೆ ತಾಯಿಯ ಶಿಕ್ಷಣಕ್ಕೇ ಎಂದರೆ ತಪ್ಪಾಗಲಾರದು.

ಬೆಕ್ಕು ಇಲಿ ಹಿಡಿಯುವ ಕೆಲಸದಿಂದ ದೂರವಾಗಿ ಅಂಗಡಿಯಲ್ಲಿ ಮಾರುವ ಮುದ್ದುಪ್ರಾಣಿಯಾದ ಕಾಲಕ್ಕೆ ಈ ಮಾನವು ಬದಲಾಯಿತು. ಬ್ರಿಟನ್ನಿನ 1951ರ ಸಾಕುಪ್ರಾಣಿಗಳ ಕಾಯಿದೆಯು, ಸಸ್ತನಿಗಳನ್ನು ತೀರ ಎಳೆಯ ವಯಸ್ಸಿನಲ್ಲಿ ಮಾರಬಾರದೆಂದು ವಿಧಿಸಿತೇ ಹೊರತು ಆ ವಯಸ್ಸನ್ನು ಹೇಳಲಿಲ್ಲ. ಇಂಗ್ಲೆಂಡಿನಲ್ಲಿ 2018ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮಗಳು, 8 ವಾರ ತುಂಬದ ಮರಿಯನ್ನು ಪರವಾನಗಿದಾರರು ಮಾರಕೂಡದೆಂದು ಸ್ಪಷ್ಟಪಡಿಸಿದವು. ಹಾಲು ಬಿಟ್ಟು ತಾನೇ ತಿನ್ನುವ ಶಕ್ತಿ ಮರಿಗೆ ಸಾಮಾನ್ಯವಾಗಿ ಆ ಹೊತ್ತಿಗೆ ಬಂದಿರುತ್ತದೆ. ಎಂದರೆ, ಹಿಂದೆ ಕಲಿಕೆಯಿದ್ದ ಸ್ಥಾನಕ್ಕೆ ಈಗ ಹಾಲು ಬಂದಿತು.

ಈ ಮಾನ ಸಾಲದೆಂಬುದಕ್ಕೆ ಆಧಾರವಿದೆ. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಸಂಶೋಧಕರು 5,726 ಬೆಕ್ಕುಗಳ ವಿವರಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, 8 ವಾರಗಳೊಳಗೆ ತಾಯಿಯನ್ನು ಅಗಲಿದ ಮರಿಗಳಲ್ಲಿ ಆಕ್ರಮಣಶೀಲತೆ ಹೆಚ್ಚು. 14 ವಾರಗಳ ಅನಂತರ ಅಗಲಿದವುಗಳಲ್ಲಿ ಅಂತಹ ದೋಷಗಳು ಕಡಮೆ. ಮಾಲಿಕರು ತುಂಬಿದ ಪ್ರಶ್ನಾವಳಿಗಳೇ ಈ ವರದಿಗೆ ಆಕರವಾದ್ದರಿಂದ ಕಾರ್ಯಕಾರಣ ನಿರ್ಣಯದಲ್ಲಿ ಎಚ್ಚರಿಕೆ ಅವಶ್ಯ. ಆದರೂ ಬ್ರಿಟನ್ನಿನ ತಳಿಗಾರರ ಆಡಳಿತ ಮಂಡಲಿಯು ಮರಿಯನ್ನು 13 ವಾರಗಳವರೆಗೆ ತಾಯಿಯ ಮನೆಯಲ್ಲಿಯೇ ಇರಿಸಬೇಕೆಂದು ಸೂಚಿಸುತ್ತ ಬಂದಿರುವುದು ಇದಕ್ಕೆ ಹೊಂದಿಕೆಯಾಗುತ್ತದೆ.

ಬೇಗ ಅಗಲಿಸಿದರೆ ಮರಿ ಮನುಷ್ಯರಿಗೆ ಬೇಗ ಒಗ್ಗುತ್ತದೆಂಬ ವಾದವುಂಟು. ಆದರೆ ಅಮೆರಿಕದ ಐಲೀನ್ ಕಾರ್ಶ್ 1980ರ ದಶಕದಲ್ಲಿ ನಡೆಸಿದ ಅಧ್ಯಯನಗಳಂತೆ, ಮರಿ ಮನುಷ್ಯಸ್ಪರ್ಶಕ್ಕೆ ಒಗ್ಗುವ ಮುಖ್ಯ ಕಾಲ 2ರಿಂದ 7 ವಾರಗಳು. ಆಗ ಅದು ತಾಯಿಯ ಮಗ್ಗುಲಲ್ಲಿಯೇ ಇರುತ್ತದೆ. ಆದುದರಿಂದ ಮನುಷ್ಯರ ಒಡನಾಟಕ್ಕೆ ಅಗಲಿಕೆಯ ಅಗತ್ಯವಿಲ್ಲ.

ಕಾಯಿದೆಯ 8 ವಾರಗಳು ಮಾರಾಟಗಾರನಿಗೆ ಹಾಕಿದ ಕನಿಷ್ಠ ಮಿತಿ. ಅದನ್ನೇ ಯೋಗ್ಯ ವಯಸ್ಸೆಂದು ಗ್ರಹಿಸಿದರೆ, ಆ ತಪ್ಪಿನ ಫಲವನ್ನು ಅನುಭವಿಸುವುದು ಮರಿ. ಕಚ್ಚುವ, ಪರಚುವ ಬೆಕ್ಕಿಗೆ ಮನೆಯ ಆಶ್ರಯ ಬಹುಕಾಲ ನಿಲ್ಲುವುದು ಕಷ್ಟ. ತಾಯಿಯಿಂದ ಮರಿ ಪಡೆಯುವುದು ಹಾಲೊಂದನ್ನೇ ಅಲ್ಲವೆಂಬ ಅರಿವು ವೇಲ್ಸಿನ ಹಳೆಯ ಬೆಲೆಪಟ್ಟಿಯಲ್ಲಿ ಅಡಗಿತ್ತೆಂದು ನಮಗೆ ತೋರುತ್ತದೆ.