ಹಸಿರು ಸೂರ್ಯನ ಜಾಡು ಹಿಡಿದು

1883ರ ಸೆಪ್ಟೆಂಬರ್ 9ರಿಂದ ಕೆಲವು ದಿನ ಮದರಾಸಿನಲ್ಲಿ ಸೂರ್ಯ ಹಸಿರಾಗಿ ಹುಟ್ಟಿ ಹಸಿರಾಗಿ ಮುಳುಗಿದ. ಹಿಜ್ರಿ 1300ರ ಜುಲ್‌ಕಅದಾ ತಿಂಗಳದು. ನಮ್ಮ ಹೊಸಪೇಟೆ, ಹಂಪಿ, ಕಂಪ್ಲಿಗಳು ಆಗ ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು. ಸಂಡೂರು ಮಾತ್ರ ಬೇರೆ ಸಂಸ್ಥಾನ.

ಇಂಥದ್ದನ್ನು ಅಪಶಕುನವೆನ್ನುವುದು ಸುಲಭ. ಆದರೆ ಪ್ರವಾದಿವರ್ಯರ (ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಗ್ರಹಣವಾದಾಗ, ಅದಕ್ಕೂ ಸಾವಿಗೂ ಸಂಬಂಧ ಕಲ್ಪಿಸಿದವರನ್ನು ಅವರೇ ತಿದ್ದಿದ್ದರೆಂಬುದನ್ನು ನಾವು ಬಲ್ಲೆವು.

ಕಾರಣ ಇದ್ದದ್ದು ಜಾವಾ ಸಮೀಪದ ಕ್ರಕಟೋವಾದಲ್ಲಿ. ಆಗಸ್ಟ್ 27ರಂದು ಆ ಜ್ವಾಲಾಮುಖಿ ಸಿಡಿದು, ಸಮುದ್ರದ ಅಲೆಗಳಿಗೆ ಸಿಕ್ಕಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರ ಧೂಳು ಮತ್ತು ಅನಿಲ ಪಶ್ಚಿಮಕ್ಕೆ ಹೊರಟು, ಆಫ್ರಿಕಾ, ಅಟ್ಲಾಂಟಿಕ್ ದಾಟಿ, ಸೆಪ್ಟೆಂಬರ್ 5ಕ್ಕೆ ಹೊನೊಲುಲು ತಲುಪಿ, ಭೂಮಿಯನ್ನೇ ಸುತ್ತಿ ನಮ್ಮ ಕಡೆಗೆ ಬಂದಿತ್ತು. ಮದರಾಸಿನ ಪ್ರಾಧ್ಯಾಪಕ ಮಿಚಿ ಸ್ಮಿತ್ ಆ ಹಸಿರು ಬೆಳಕನ್ನು ವರ್ಣಪಟಲದರ್ಶಕದಲ್ಲಿ ಪರೀಕ್ಷಿಸಿದರು. ಲಂಡನ್ನಿನ ರಾಯಲ್ ಸೊಸೈಟಿ ಹಡಗಿನವರು, ಪಾದ್ರಿಗಳು, ಅಧಿಕಾರಿಗಳು ಬರೆದ ಪತ್ರಗಳ ತಾರೀಖುಗಳನ್ನು ಜೋಡಿಸಿ ಆ ಮೋಡದ ದಾರಿಯನ್ನು ಗುರುತಿಸಿತು. ವರದಿ ಅಚ್ಚಾದದ್ದು 1888ರಲ್ಲಿ, ಐದು ವರ್ಷದ ಮೇಲೆ!

1991ರ ಜೂನ್‌ನಲ್ಲಿ ಫಿಲಿಪೈನ್ಸಿನ ಪಿನಾಟುಬೊ ಸಿಡಿದಾಗ ಕಾಗದಕ್ಕೆ ಕಾಯಬೇಕಾಗಲಿಲ್ಲ. ಗಂಧಕದ ಡೈಆಕ್ಸೈಡ್ ಅನಿಲವು ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಕೆಲವನ್ನು ಹೀರಿಕೊಳ್ಳುತ್ತದೆ. ಭೂಮಿಯಿಂದ ಮರಳುವ ಬೆಳಕಿನಲ್ಲಿ ಅಷ್ಟು ಕಡಿಮೆಯಾದದ್ದನ್ನು ಅಳೆದರೆ ಅನಿಲದ ಪ್ರಮಾಣ ಸಿಗುತ್ತದೆ. ನಿಂಬಸ್-7 ಉಪಗ್ರಹದ ಉಪಕರಣ ಹೀಗೆ ಸುಮಾರು 2 ಕೋಟಿ ಟನ್ ಲೆಕ್ಕ ಹಾಕಿತು. ಸುಮಾರು ಮೂರು ವಾರದಲ್ಲಿ ಮೋಡ ಭೂಮಿಯನ್ನು ಸುತ್ತಿದ್ದನ್ನೂ ಕಂಡಿತು.

ಉಪಗ್ರಹ ಹೇಳುವುದು ಮೋಡ ಈಗ ಎಲ್ಲಿದೆ ಎಂಬುದನ್ನು. ನಾಳೆ ಎಲ್ಲಿರುತ್ತದೆ ಎನ್ನಲು ಗಾಳಿಯ ಲೆಕ್ಕ ಬೇಕು. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುವುದರಿಂದ ಎತ್ತರ ತಪ್ಪಿದರೆ ದಾರಿಯೇ ತಪ್ಪುತ್ತದೆ. ಗಣಕಯಂತ್ರ ಮಾಡುವುದು ಈ ಕೆಲಸ.

2025ರ ನವೆಂಬರ್ 23ರಂದು ಇಥಿಯೋಪಿಯಾದ ಅಫಾರ್ ಪ್ರದೇಶದ ಹೈಲಿ ಗುಬ್ಬಿ ಸಿಡಿಯಿತು. ಮೊದಲ ಹಿಜ್ರಾದ ಹಬಶಾ ನಾಡಿನ ಕಡೆಯದು. ಬೂದಿ ಸುಮಾರು 14 ಕಿಲೋಮೀಟರ್ ಎತ್ತರಕ್ಕೇರಿ, ಕೆಂಪು ಸಮುದ್ರ, ಯೆಮನ್, ಒಮಾನ್ ದಾಟಿ, ಮರುದಿನ ರಾತ್ರಿ ಗುಜರಾತ್, ರಾಜಸ್ತಾನದ ಮೇಲಿಂದ ದೆಹಲಿಗೆ ಬಂತು. ಬರುವ ಮೊದಲೇ ಎಚ್ಚರಿಕೆ ಹೊರಟಿತ್ತು. ಕೊಲ್ಲಿ ನಾಡುಗಳ ಕೆಲವು ವಿಮಾನಗಳು ರದ್ದಾದವು. ಎಂಜಿನ್ನಿಗೆ ಬೂದಿ ಹೊಕ್ಕರೆ ಅಲ್ಲೇ ಕರಗಿ ಗಾಜಿನಂತೆ ಅಂಟಿಕೊಳ್ಳುತ್ತದೆ.

ಆದರೂ 1883ರ ನಕ್ಷೆಗೆ ಆಧಾರ ಕಣ್ಣಾರೆ ಕಂಡು ತಾರೀಖು ಬರೆದಿಟ್ಟವರೇ. ನಮ್ಮ ಊರುಗಳ ಹಳೆಯ ಮನೆಗಳಲ್ಲಿ, ಅಂಗಡಿಗಳಲ್ಲಿ ಉರ್ದು, ಕನ್ನಡದ ಕೈಬರಹದ ಲೆಕ್ಕದ ಪುಸ್ತಕಗಳು ಇನ್ನೂ ಉಳಿದಿದ್ದರೆ, ರದ್ದಿಗೆ ಹಾಕುವ ಮೊದಲು ಹಿಜ್ರಿ 1300ರ ಜುಲ್‌ಕಅದಾದ ಪುಟಗಳನ್ನೊಮ್ಮೆ ನಮ್ಮ ವಿದ್ಯಾರ್ಥಿಗಳು ತಿರುವಿ ನೋಡಲಿ.