ಕಾವೇರಿ ಟ್ರಯಲ್ ಮ್ಯಾರಥಾನ್

ಕಾವೇರಿ ಟ್ರಯಲ್ ಮ್ಯಾರಥಾನ್ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿ ನಡೆಯುವ ದೂರ ಓಟದ ಸ್ಪರ್ಧೆ. ಬೆಂಗಳೂರಿನ ರನ್ನರ್ಸ್ ಫಾರ್ ಲೈಫ್ ಸಂಸ್ಥೆ ಇದನ್ನು ಆರಂಭಿಸಿತು. ಓಟವು ಡಾಂಬರು ರಸ್ತೆಯಲ್ಲಿ ನಡೆಯದೆ, ರಂಗನತಿಟ್ಟು ಪಕ್ಷಿಧಾಮದ ಸಮೀಪ ಹಾದುಹೋಗುವ ನೀರಾವರಿ ನಾಲೆಯ ಮಣ್ಣಿನ ಏರಿಯ ಮೇಲೆ ಸಾಗುತ್ತದೆ. ಓಟಗಾರರು ಹೋದ ದಾರಿಯಲ್ಲೇ ಮರಳುತ್ತಾರೆ.

ಪೂರ್ಣ ಮ್ಯಾರಥಾನ್‌ನ ದೂರ 42.195 ಕಿ.ಮೀ. ಅದನ್ನು ಮೀರಿದ ಓಟಕ್ಕೆ ಅಲ್ಟ್ರಾ ಮ್ಯಾರಥಾನ್ ಎಂದು ಹೆಸರಿರುವುದರಿಂದ ಕಾವೇರಿಯ ಓಟ ಆ ವರ್ಗಕ್ಕೆ ಸೇರದು. ನಾಲೆಯ ದಂಡೆಯ ಅಲ್ಟ್ರಾಗಳಲ್ಲಿ 1993ರಲ್ಲಿ ಆರಂಭವಾದ ಇಂಗ್ಲೆಂಡಿನ ಗ್ರ್ಯಾಂಡ್ ಯೂನಿಯನ್ ಕೆನಾಲ್ ರೇಸ್ ಹೆಸರುವಾಸಿಯಾಗಿದೆ. ಅದರ ದೂರ ಬರ್ಮಿಂಗ್‌ಹ್ಯಾಮ್‌ನಿಂದ ಲಂಡನ್‌ವರೆಗೆ 145 ಮೈಲಿ, ಅಂದರೆ ಸುಮಾರು 233 ಕಿ.ಮೀ.

ನಾಲೆಯ ಏರಿ ಮಟ್ಟಸವಾಗಿದ್ದರೂ ಓಡಲು ಸುಲಭವೇನಲ್ಲ. ಏರಿಳಿತವಿಲ್ಲದ ಕಾರಣ ಅವೇ ಸ್ನಾಯುಗಳ ಮೇಲೆ ಸತತವಾಗಿ ಒತ್ತಡ ಬೀಳುತ್ತದೆ. ಬಿಸಿಲೇರಿದ ಮೇಲೆ ನೆರಳು ವಿರಳ. ಬಾಯಾರಿಕೆಯನ್ನು ಮೀರಿ ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ತಗ್ಗಿ ಹೈಪೊನೇಟ್ರೀಮಿಯ ಎಂಬ ಸ್ಥಿತಿ ಉಂಟಾಗಬಹುದು. ತಲೆನೋವು, ವಾಂತಿ, ಮನಸ್ಸಿನ ಗೊಂದಲ ಇದರ ಲಕ್ಷಣಗಳು. ಇವನ್ನು ನಿರ್ಜಲೀಕರಣವೆಂದು ಭ್ರಮಿಸಿ ಓಟಗಾರರಿಗೆ ಮತ್ತಷ್ಟು ನೀರು ಕುಡಿಸುವುದು ಪ್ರಾಣಕ್ಕೇ ಅಪಾಯಕಾರಿ.